ಕೇಸ್‌ನ ವಯಸ್ಸು, ಮಾಲಿಯ ಕಣ್ಣು: ಒಂದು ಸೈ-ಫೈ ಸರಣಿಯ ಪಾತ್ರ ಹಂಚಿಕೆಗೆ ಇಷ್ಟು ತಲೆಬಿಸಿ ಯಾಕೆ?

ವಿಲಿಯಂ ಗಿಬ್ಸನ್ ಅವರ 'ನ್ಯೂರೋಮ್ಯಾನ್ಸರ್' ಕಾದಂಬರಿ ಬಂದದ್ದು 1984ರಲ್ಲಿ. ಹ್ಯೂಗೋ, ನೆಬ್ಯುಲಾ, ಫಿಲಿಪ್ ಕೆ. ಡಿಕ್ ಪ್ರಶಸ್ತಿಗಳು ಮೂರೂ ಅದಕ್ಕೆ ಸಿಕ್ಕಿದವು. ಅದನ್ನು ಸಿನಿಮಾ ಮಾಡುತ್ತೇವೆಂದು ಹೊರಟವರು ಒಬ್ಬಿಬ್ಬರಲ್ಲ, ಯಾರ ಕೈಯಲ್ಲೂ ಆಗಲಿಲ್ಲ. ಕೊನೆಗೆ 2024ರ ಫೆಬ್ರವರಿಯಲ್ಲಿ ಆ್ಯಪಲ್ ಇದನ್ನು 10 ಕಂತುಗಳ ಸರಣಿಯಾಗಿ ತರುವುದಾಗಿ ಹೇಳಿತು. ನಾಯಕ ಕೇಸ್ ಪಾತ್ರಕ್ಕೆ ಬ್ರಿಟಿಷ್ ನಟ ಕ್ಯಾಲಮ್ ಟರ್ನರ್, ಮಾಲಿ ಪಾತ್ರಕ್ಕೆ ಅಮೆರಿಕದ ಬ್ರಿಯಾನಾ ಮಿಡಲ್‌ಟನ್ ಎಂದು ಘೋಷಣೆಯಾಯಿತು. 2025ರಲ್ಲಿ ಚಿತ್ರೀಕರಣವೂ ಶುರುವಾಯಿತು.

ಹೆಸರುಗಳು ಹೊರಬಿದ್ದಲ್ಲಿಂದ ಪುಸ್ತಕದ ಅಭಿಮಾನಿಗಳಲ್ಲಿ ಒಮ್ಮತವಿಲ್ಲ. 'ಕೇಸ್‌ಗೆ ಇವನ ವಯಸ್ಸು ಜಾಸ್ತಿಯಾಯಿತು' ಎನ್ನುವವರಿದ್ದಾರೆ. 'ಮಾಲಿ ಹೀಗಿರಲಿಲ್ಲ' ಎನ್ನುವವರೂ, 'ನಟನೆ ನೋಡಿ ಮಾತಾಡಿ ಮಾರಾಯ್ರೆ' ಎನ್ನುವವರೂ ಇದ್ದಾರೆ. ಕಾಸರಗೋಡಿನಂಥ ಊರಿನ ಕನ್ನಡ ವೀಕ್ಷಕರಿಗೆ ಇದರ ಮೇಲೆ ಇನ್ನೊಂದು ಪ್ರಶ್ನೆ: ಕೊನೆಗೆ ಇದನ್ನು ಯಾವ ಭಾಷೆಯಲ್ಲಿ, ಯಾರ ಧ್ವನಿಯಲ್ಲಿ ಕೇಳುವುದು?

ಮುಖಚರ್ಯೆಯ ಬಗ್ಗೆ ನಡೆಯುತ್ತಿರುವ ಜಗಳದಲ್ಲಿ ಸ್ವಲ್ಪ ಹುರುಳಿದೆ, ಹೆಚ್ಚು ಗದ್ದಲವಿದೆ. ಪಾತ್ರ ಹಂಚಿಕೆಯಿಂದ ಕಥೆಗೆ ಆಗುವ ದೊಡ್ಡ ಪರಿಣಾಮ ಬೇರೆಯೇ ಇದೆ, ಅದರ ಬಗ್ಗೆ ಚರ್ಚೆ ಕಡಿಮೆ.

ಪುಸ್ತಕದಲ್ಲಿ ಇರುವುದೇನು

ಕೇಸ್ ಒಬ್ಬ ಹ್ಯಾಕರ್. ತನಗೆ ಕೆಲಸ ಕೊಟ್ಟವರಿಂದಲೇ ಕದ್ದು ಸಿಕ್ಕಿಬಿದ್ದವನು. ಅವರು ಅವನನ್ನು ಕೊಲ್ಲಲಿಲ್ಲ. ಒಂದು ವಿಷದಿಂದ ನರಮಂಡಲವನ್ನು ಕೆಡಿಸಿ, ಮನಸ್ಸಿನಿಂದಲೇ ಹೊಕ್ಕುವ ಆ ಲೋಕದ ಕಂಪ್ಯೂಟರ್ ಜಾಲದೊಳಗೆ ಮತ್ತೆಂದೂ ಹೋಗಲಾಗದಂತೆ ಮಾಡಿ ಬಿಟ್ಟರು. ಜಪಾನಿನ ಚಿಬಾ ನಗರದಲ್ಲಿ ಅಮಲು ಪದಾರ್ಥ, ಸಣ್ಣಪುಟ್ಟ ದಂಧೆಗಳ ನಡುವೆ ಸಾವಿಗೆ ಕಾಯುತ್ತಿರುವ ಅವನಿಂದ ಕಥೆ ಶುರು. ಆಗ ಅವನ ವಯಸ್ಸು 24.

ಈ ಸಂಖ್ಯೆ ಸುಮ್ಮನೆ ಬಂದದ್ದಲ್ಲ. 22ರಲ್ಲಿ ಉತ್ತುಂಗದಲ್ಲಿದ್ದವನು 24ಕ್ಕೆ ಮುಗಿದುಹೋಗಿದ್ದಾನೆ. ಕ್ರಿಕೆಟಿಗನಿಗೋ ನರ್ತಕಿಗೋ ಕೂಡ ಇಷ್ಟು ಬೇಗ ಬಾಗಿಲು ಮುಚ್ಚುವುದಿಲ್ಲ. ಟರ್ನರ್ ಹುಟ್ಟಿದ್ದು 1990ರಲ್ಲಿ, ಆಯ್ಕೆಯಾದಾಗ 34. ಮೂವತ್ತು ದಾಟಿದವನು ಸೋತು ಕೂತಿದ್ದರೆ ನೋಡುವವರಿಗೆ ಅದು ಪರಿಚಿತ ದುಃಖ. ಇಪ್ಪತ್ನಾಲ್ಕರವನು ಹಾಗೆ ಕೂತಿದ್ದರೆ ಆ ಲೋಕದಲ್ಲೇ ಏನೋ ಕೊಳೆತಿದೆ ಎನಿಸುತ್ತದೆ. ಅಭಿಮಾನಿಗಳ ದೂರುಗಳಲ್ಲಿ ಗಟ್ಟಿಯಾದದ್ದು ಇದು. ಬರಹಗಾರರು ಪಾತ್ರದ ವಯಸ್ಸನ್ನೇ ಏರಿಸಿದರೆ ಅವನ ಪತನಕ್ಕೆ ಬೇರೊಂದು ಕಾರಣವನ್ನೂ ತೂಕವನ್ನೂ ಹುಡುಕಬೇಕಾಗುತ್ತದೆ. ಹುಡುಕಲಾಗದ್ದೇನೂ ಅಲ್ಲ. ಆದರೆ ಅದು ಮೇಕಪ್‌ನವರ ಕೆಲಸವಲ್ಲ, ಚಿತ್ರಕಥೆಯ ಕೆಲಸ.

ಮಾಲಿಯ ವಿಷಯ ಹಾಗಲ್ಲ. ಅವಳು ಬಾಡಿಗೆಗೆ ಸಿಗುವ ಕಾಳಗದವಳು. ಉಗುರುಗಳ ಅಡಿಯಿಂದ ನಾಲ್ಕು ಸೆಂಟಿಮೀಟರ್ ಉದ್ದದ ಹತ್ತು ಅಲಗುಗಳು ಹೊರಬರುತ್ತವೆ. ಕಣ್ಣಿನ ಗೂಡುಗಳ ಮೇಲೆ ಕನ್ನಡಿಯಂಥ ಬೆಳ್ಳಿ ಮಸೂರಗಳನ್ನು ಶಸ್ತ್ರಚಿಕಿತ್ಸೆ ಮಾಡಿ ಕೂರಿಸಲಾಗಿದೆ. ಪುಸ್ತಕದಲ್ಲಿ ಅವಳ ಚರ್ಮ ಬಿಳಿಚಿದ್ದು, ಕೂದಲು ಕಪ್ಪು. ಮಿಡಲ್‌ಟನ್ ಹಾಗಿಲ್ಲ ಎಂಬುದೇ ಒಂದು ವರ್ಗದ ತಕರಾರು. ಆದರೆ ಕಥೆಯಲ್ಲಿ ಮಾಲಿಯ ಚರ್ಮದ ಬಣ್ಣದಿಂದ ಯಾವ ಘಟನೆಯೂ ಹುಟ್ಟುವುದಿಲ್ಲ, ಯಾವ ನಿರ್ಧಾರವೂ ಬದಲಾಗುವುದಿಲ್ಲ. ಅವಳನ್ನು ಅವಳನ್ನಾಗಿ ಮಾಡಿದ್ದು ಆ ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸಲು ಅವಳು ತೆತ್ತ ಬೆಲೆ ಮತ್ತು ಆ ಮಸೂರಗಳು. ಅಂದಮೇಲೆ ಕೇಳಬೇಕಾದ ಪ್ರಶ್ನೆ ಬೇರೆ: ಕಣ್ಣು ಕಾಣಿಸದೆ ಹತ್ತು ಕಂತು ನಟಿಸಲು ಈಕೆಗೆ ಸಾಧ್ಯವೇ? ಪರದೆಯ ನಟನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಣ್ಣಿನದ್ದೇ. ಅದನ್ನು ಮುಚ್ಚಿಬಿಟ್ಟರೆ ಉಳಿಯುವುದು ಬಾಯಿ, ಕತ್ತು, ನಡಿಗೆ, ಧ್ವನಿ. ನಿರ್ಮಾಪಕರು ಹೆದರಿ ಮಸೂರಗಳನ್ನು ಆಗಾಗ ಸರಿಸುವ ಸಾಮಾನ್ಯ ಕನ್ನಡಕವಾಗಿಸಿಬಿಟ್ಟರೆ, ಅದು ಯಾವ ನಟಿಯ ಆಯ್ಕೆಗಿಂತಲೂ ದೊಡ್ಡ ಬದಲಾವಣೆ.

ಬಣ್ಣವಿಲ್ಲದ ವೇಷ

ಕಾಸರಗೋಡಿನವರಿಗೆ ಈ ಚರ್ಚೆಯಲ್ಲಿ ಒಂದು ಅನುಕೂಲವಿದೆ. ತಾಳಮದ್ದಳೆಯನ್ನು ಕೇಳಿ ಬೆಳೆದವರಿಗೆ ಪಾತ್ರ ಮತ್ತು ಮುಖ ಒಂದೇ ಆಗಿರಬೇಕೆಂಬ ನಿರೀಕ್ಷೆಯೇ ಸಡಿಲ. ಕಿರೀಟವಿಲ್ಲ, ಬಣ್ಣವಿಲ್ಲ. ಪಂಚೆ ಶಾಲಿನಲ್ಲಿ ಕುಳಿತ ಅರ್ಥಧಾರಿ ಮಾತಿನಲ್ಲೇ ವಾಲಿಯಾಗುತ್ತಾನೆ, ಕೌರವನಾಗುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನನ್ನು ಜನ ನೆನೆಯುವುದು ಅವರು ರಾವಣನಂತೆ ಕಾಣುತ್ತಿದ್ದರು ಎಂದಲ್ಲ. ರಾವಣನ ಪರವಾಗಿ ಅವರು ಕಟ್ಟುತ್ತಿದ್ದ ವಾದಕ್ಕಾಗಿ. ಇಂದಿನ ಕೂಟದಲ್ಲಿ ಕೃಷ್ಣನಾದವರು ನಾಳಿನ ಕೂಟದಲ್ಲಿ ಕರ್ಣನಾಗಬಹುದು. ಕುಂಬಳೆ ಸುಂದರ ರಾಯರ ಅರ್ಥ ಕೇಳಲು ಬಂದವರು ಎತ್ತರ ಬಣ್ಣ ಅಳೆಯಲು ಬಂದವರಲ್ಲ.

ಹಾಗೆಂದು ಇಲ್ಲಿನ ಪ್ರೇಕ್ಷಕರು ಉದಾರಿಗಳು ಎಂದೇನಲ್ಲ. ಪಾತ್ರ ಹಂಚಿಕೆಯ ಬಗ್ಗೆ ಯಕ್ಷಗಾನದವರು ವೇಷ ಕಟ್ಟುವ ಚೌಕಿಯಿಂದ ಚಹಾದಂಗಡಿವರೆಗೆ ಜಗಳವಾಗುತ್ತದೆ. ಆದರೆ ಆ ಜಗಳದ ವಿಷಯ 'ಇವರಿಗೆ ಆ ಪಾತ್ರದ ಸ್ವಭಾವ ಒದಗುತ್ತದೋ, ಎದುರಾಳಿಗೆ ಸರಿಯಾಗಿ ಮಾತು ಕೊಡುತ್ತಾರೋ' ಎಂಬುದು. ಸೈ-ಫೈ ಅಭಿಮಾನಿಗಳ ಚರ್ಚೆಗೆ ಬೇಕಾದ ಅಳತೆಗೋಲೂ ಇದೇ ಎನ್ನಬಹುದು, ಅದರಲ್ಲೂ ಈ ಕಾದಂಬರಿಗೆ.

ಯಾಕೆಂದರೆ ಇದರ ಅತಿಮುಖ್ಯ ಪಾತ್ರಗಳಲ್ಲಿ ಎರಡಕ್ಕೆ ಮುಖವೇ ಇಲ್ಲ. ಡಿಕ್ಸಿ ಫ್ಲ್ಯಾಟ್‌ಲೈನ್ ಸತ್ತುಹೋದ ಹ್ಯಾಕರ್. ಅವನ ಬುದ್ಧಿ, ಮಾತು, ಕುಶಲತೆಯನ್ನೆಲ್ಲ ದಾಖಲಿಸಿಟ್ಟ ಒಂದು ಪೆಟ್ಟಿಗೆ ಮಾತ್ರ ಉಳಿದಿದೆ. ಪಾತ್ರವೆಂದರೆ ಧ್ವನಿ, ಒಂದು ಅಹಿತಕರ ನಗು. ಇನ್ನೊಂದು ವಿಂಟರ್‌ಮ್ಯೂಟ್, ಕೃತಕ ಬುದ್ಧಿಮತ್ತೆ. ಅದು ಕೇಸ್ ಎದುರು ಬರುವುದು ಅವನಿಗೆ ಗೊತ್ತಿರುವವರ ವೇಷ ಹಾಕಿಕೊಂಡು. ಒಮ್ಮೆ ಒಬ್ಬನ ಮುಖ, ಇನ್ನೊಮ್ಮೆ ಮತ್ತೊಬ್ಬನದ್ದು. ಅಂದರೆ ಹಲವು ನಟರು ಸೇರಿ ಒಂದೇ ಪಾತ್ರವನ್ನು ಆಡಬೇಕು. ಮುಖ ಬದಲಾದರೂ ಒಳಗಿರುವುದು ಅದೇ ಎಂದು ನೋಡುವವರಿಗೆ ಮಾತಿನ ಲಯದಿಂದಲೇ ತಿಳಿಯಬೇಕು.

ವಿಂಟರ್‌ಮ್ಯೂಟ್ ಧರಿಸುವ ಮುಖಗಳಲ್ಲಿ ಒಂದು ಫಿನ್ ಎಂಬ ಕಳ್ಳಮಾಲಿನ ವ್ಯಾಪಾರಿಯದ್ದು. ಗಿಬ್ಸನ್ ಈ ಲೋಕದಲ್ಲಿ ಬರೆದ ಮೂರೂ ಕಾದಂಬರಿಗಳಲ್ಲಿ ಕಾಣಿಸಿಕೊಳ್ಳುವವನು ಅವನೇ. ಅಭಿಮಾನಿಗಳು ಕೇಸ್ ಮತ್ತು ಮಾಲಿಗಾಗಿ ಹೊಡೆದಾಡುತ್ತಿದ್ದಾರೆ. ಸರಣಿಯ ಬೆನ್ನೆಲುಬಾಗಬಹುದಾದ ಆಯ್ಕೆ ಮಾತ್ರ ಆ ಮುದಿ ವ್ಯಾಪಾರಿಯದ್ದು.

ನಟರ ಒಪ್ಪಂದ ಕಥೆಯನ್ನು ಬಗ್ಗಿಸುವ ಬಗೆ

ಈಗ ಗೊಂದಲದ ಮೂಲಕ್ಕೆ ಬರೋಣ. ಪಾತ್ರ ಹಂಚಿಕೆಯ ಸುದ್ದಿ ಓದುವಾಗ ನಾವು ಸಿನಿಮಾದ ಲೆಕ್ಕ ಹಾಕುತ್ತೇವೆ: ಒಬ್ಬ ನಟ, ಒಂದು ಪಾತ್ರ, ಎರಡೂವರೆ ಗಂಟೆ. ಸರಣಿಯ ಲೆಕ್ಕ ಬೇರೆ. ಅಮೆರಿಕದ ಟಿವಿ ಪದ್ಧತಿಯಲ್ಲಿ ಮುಖ್ಯ ನಟರು ಮೊದಲ ಸೀಸನ್‌ಗೆ ಸಹಿ ಹಾಕುವಾಗಲೇ ಮುಂದಿನ ಹಲವು ಸೀಸನ್‌ಗಳಿಗೂ ಕಟ್ಟುಬೀಳುವುದು ರೂಢಿ. ಇದನ್ನು 'ಆಪ್ಷನ್' ಎನ್ನುತ್ತಾರೆ. ಆ ಆಯ್ಕೆಯ ಹಕ್ಕು ಇರುವುದು ಕಂಪನಿಗೆ, ನಟರಿಗಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಇಂಥ ಒಪ್ಪಂದಕ್ಕೆ ಏಳು ವರ್ಷದ ಮಿತಿಯಿದೆ. ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಸ್ಟುಡಿಯೋ ವಿರುದ್ಧ ಹೋರಾಡಿ 1944ರಲ್ಲಿ ಗೆದ್ದ ಮೇಲೆ ಈ ಮಿತಿ ಗಟ್ಟಿಯಾಯಿತು.

ಇದರ ಪರಿಣಾಮವನ್ನು ಹಂತಹಂತವಾಗಿ ನೋಡಬೇಕು. ಕಂಪನಿ ಕೆಲವು ಮುಖಗಳ ಮೇಲೆ ಹಣ ಹೂಡುತ್ತದೆ. ಪೋಸ್ಟರು, ಪ್ರಚಾರ, ಸಂದರ್ಶನಗಳಿಂದ ಆ ಮುಖಗಳನ್ನು ಸರಣಿಯ ಗುರುತಾಗಿಸುತ್ತದೆ. ಸರಣಿ ಗೆದ್ದರೆ ಎರಡನೇ ಸೀಸನ್ ಬೇಕು. ಆದರೆ ಗಿಬ್ಸನ್ ಅವರ ಎರಡನೇ ಕಾದಂಬರಿ 'ಕೌಂಟ್ ಝೀರೋ' (1986) ಏಳು ವರ್ಷ ಮುಂದಕ್ಕೆ ಜಿಗಿಯುತ್ತದೆ, ಅದರಲ್ಲಿ ಕೇಸ್ ಇಲ್ಲ, ಮಾಲಿಯೂ ಇಲ್ಲ. ಮೂರನೆಯದರಲ್ಲಿ (1988) ಮಾಲಿ ಬೇರೆ ಹೆಸರಿನಲ್ಲಿ ಮರಳುತ್ತಾಳೆ, ಕೇಸ್ ಬಗ್ಗೆ ಒಂದು ಮಾತು ಬಂದುಹೋಗುತ್ತದೆ ಅಷ್ಟೆ. ಪುಸ್ತಕಕ್ಕೆ ನಿಷ್ಠವಾಗಿ ನಡೆದರೆ ಕಂಪನಿ ತಾನೇ ಬೆಳೆಸಿದ ಮುಖಗಳನ್ನು ಬಿಟ್ಟುಕೊಡಬೇಕು. ಮುಖಗಳನ್ನು ಉಳಿಸಿಕೊಂಡರೆ ಪುಸ್ತಕವನ್ನು ಬಿಡಬೇಕು. ಮೊದಲ ಕಾದಂಬರಿಯನ್ನೇ ಹಿಗ್ಗಿಸಿ ಎರಡು ಮೂರು ಸೀಸನ್ ಮಾಡುವ ಮೂರನೇ ದಾರಿಯೂ ಉಂಟು. ಬಿರುಸಾಗಿ ಓಡುವ ಈ ಪುಸ್ತಕಕ್ಕೆ ಅದು ಒಳ್ಳೆಯದಲ್ಲ.

ಆ್ಯಪಲ್ ಈ ಇಕ್ಕಟ್ಟನ್ನು ಹಿಂದೆಯೂ ಎದುರಿಸಿದೆ. ಐಸಾಕ್ ಅಸಿಮೋವ್ ಅವರ 'ಫೌಂಡೇಶನ್' ಕಥೆಗಳು ದಶಕಗಳನ್ನು, ಶತಮಾನಗಳನ್ನು ದಾಟುತ್ತವೆ. ಒಂದು ಕಥೆಯ ನಾಯಕ ಮುಂದಿನ ಕಥೆಯ ಹೊತ್ತಿಗೆ ಚರಿತ್ರೆಯಾಗಿರುತ್ತಾನೆ. 2021ರಲ್ಲಿ ಬಂದ ಸರಣಿ ಇದಕ್ಕೊಂದು ಉಪಾಯ ಕಂಡುಕೊಂಡಿತು. ಚಕ್ರವರ್ತಿಯನ್ನು ಒಬ್ಬನೇ ಮನುಷ್ಯನ ತದ್ರೂಪಿಗಳ ಸಾಲಾಗಿಸಿತು. ಶತಮಾನ ಕಳೆದರೂ ಲೀ ಪೇಸ್ ಅವರ ಮುಖ ಹಾಗೆಯೇ ಉಳಿಯಿತು. ಪುಸ್ತಕದಲ್ಲಿ ಇಲ್ಲದ ಈ ಕಲ್ಪನೆಯೇ ಸರಣಿಯ ಅತ್ಯುತ್ತಮ ಭಾಗ ಎಂದು ಹಲವರು ಮೆಚ್ಚಿದರು. ಗಾಲ್ ಡಾರ್ನಿಕ್, ಸಾಲ್ವರ್ ಹಾರ್ಡಿನ್ ಎಂಬ ಗಂಡು ಪಾತ್ರಗಳನ್ನು ಹೆಣ್ಣಾಗಿಸಿದ್ದಕ್ಕೆ ಆಗ ಎದ್ದ ಗಲಾಟೆ, ಹಿಂತಿರುಗಿ ನೋಡಿದರೆ, ಇದರ ಎದುರು ಸಣ್ಣದು. ಬೆಂಗಳೂರಿನ ಕುಬ್ರಾ ಸೇಠ್ ಅದೇ ಸರಣಿಯ ಮೊದಲ ಸೀಸನ್‌ನಲ್ಲಿ ಸೇಡಿಗಾಗಿ ಬಂದ ಯೋಧೆಯಾಗಿದ್ದರು ಎಂಬುದನ್ನು ಕನ್ನಡದವರೇ ಹೆಚ್ಚು ಗಮನಿಸಲಿಲ್ಲ, ಅದಿರಲಿ.

ಲಿಂಗ ಬದಲಾವಣೆಯ ಗಲಾಟೆಗೆ ಹಳೆಯ ಉದಾಹರಣೆಯೂ ಇದೆ. 1978ರ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ'ದಲ್ಲಿ ಸ್ಟಾರ್‌ಬಕ್ ಗಂಡಸು, 2003ರ ಮರುಸೃಷ್ಟಿಯಲ್ಲಿ ಕೇಟಿ ಸ್ಯಾಕಾಫ್. ವಿರೋಧ ಜೋರಾಗಿಯೇ ಇತ್ತು. ಕೆಲವೇ ವರ್ಷಗಳಲ್ಲಿ ಸ್ಟಾರ್‌ಬಕ್ ಎಂದರೆ ಅವಳೇ ಎನ್ನುವಂತಾಯಿತು.

ಅರ್ಧಕ್ಕೆ ನಿಲ್ಲುವ ಭಯ

ಅಭಿಮಾನಿಗಳ ಆತಂಕದ ಇನ್ನೊಂದು ಎಳೆಗೆ ಗಟ್ಟಿ ಕಾರಣವಿದೆ. ಗಿಬ್ಸನ್ ಅವರ ಇನ್ನೊಂದು ಕಾದಂಬರಿ ಆಧರಿಸಿದ 'ದಿ ಪೆರಿಫೆರಲ್' 2022ರ ಅಕ್ಟೋಬರ್‌ನಲ್ಲಿ ಪ್ರೈಮ್ ವಿಡಿಯೋದಲ್ಲಿ ಬಂತು. 2023ರ ಫೆಬ್ರವರಿಯಲ್ಲಿ ಎರಡನೇ ಸೀಸನ್‌ಗೆ ಒಪ್ಪಿಗೆ ಸಿಕ್ಕಿತು. ಅದೇ ಆಗಸ್ಟ್‌ನಲ್ಲಿ, ಹಾಲಿವುಡ್ ಬರಹಗಾರರ ಮತ್ತು ನಟರ ಮುಷ್ಕರದ ನಡುವೆ, ಒಪ್ಪಿಗೆ ವಾಪಸಾಯಿತು. ಕಥೆ ನಡುದಾರಿಯಲ್ಲಿ ನಿಂತಿತು. ಒಳ್ಳೆಯ ಪಾತ್ರವರ್ಗವಿದ್ದರೂ ಅದನ್ನು ಉಳಿಸಲಾಗಲಿಲ್ಲ.

ಹಕ್ಕಿನ ತೊಡಕೂ ಪಾತ್ರಗಳನ್ನು ನುಂಗಿದ್ದುಂಟು. ಮಾಲಿ ಮೊದಲು ಬಂದದ್ದು ಗಿಬ್ಸನ್ ಅವರ ಸಣ್ಣಕಥೆ 'ಜಾನಿ ನೆಮಾನಿಕ್'ನಲ್ಲಿ. ಕಿಯಾನು ರೀವ್ಸ್ ನಟಿಸಿದ ಅದರ ಸಿನಿಮಾ 1995ರಲ್ಲಿ ಬಂದಾಗ ಮಾಲಿಯ ಹಕ್ಕು ಬೇರೆ ಕಡೆ ಸಿಕ್ಕಿಹಾಕಿಕೊಂಡಿತ್ತು. ಹಾಗಾಗಿ ಅವಳ ಜಾಗದಲ್ಲಿ ಜೇನ್ ಎಂಬ ಇನ್ನೊಬ್ಬಳನ್ನು ತಂದು ನಿಲ್ಲಿಸಿದರು, ಕನ್ನಡಿ ಕಣ್ಣುಗಳೂ ಹೋದವು. ಹಳೆಯ ಓದುಗರು ಮಾಲಿಯ ಬಗ್ಗೆ ಇಷ್ಟು ಸೂಕ್ಷ್ಮವಾಗಿರುವುದಕ್ಕೆ ಈ ಇತಿಹಾಸವೂ ಕಾರಣ. ಅವಳಿಗಾಗಿ ಅವರು ಕಾದದ್ದು ಬಹಳ.

ಗಮನ ಸಿಗದ ಆಯ್ಕೆಗಳು

ಪುಸ್ತಕ 1980ರ ದಶಕದ ಅಮೆರಿಕನ್ ಕಣ್ಣಿನಿಂದ ಜಪಾನನ್ನು ನೋಡುತ್ತದೆ. ಆಗ ಜಪಾನಿನ ಕಂಪನಿಗಳು ಜಗತ್ತನ್ನೇ ಕೊಂಡುಕೊಳ್ಳುತ್ತವೆ ಎಂಬ ಭಯವಿತ್ತು, ಚಿಬಾದ ನಿಯಾನ್ ಬೀದಿಗಳು ಹುಟ್ಟಿದ್ದು ಆ ಭಯದಿಂದ. ಕಥೆಯಲ್ಲಿ ಒಬ್ಬ ತದ್ರೂಪಿ ನಿಂಜಾ ಇದ್ದಾನೆ. ಬಾಹ್ಯಾಕಾಶದಲ್ಲಿ ರಾಸ್ತಫಾರಿಗಳ ಒಂದು ನೆಲೆಯಿದೆ, ಅಲ್ಲಿನ ಮೇಲ್ಕಮ್ ಕೇಸ್‌ಗೆ ಕೊನೆಯವರೆಗೂ ಜೊತೆಯಾಗುತ್ತಾನೆ. ಆದರೆ ಅವನ ಮಾತಿನ ಧಾಟಿ ಪುಸ್ತಕದಲ್ಲೇ ವ್ಯಂಗ್ಯಚಿತ್ರದ ಅಂಚಿಗೆ ಹೋಗಿದೆ. ಪುಸ್ತಕಕ್ಕೆ ಪೂರ್ತಿ ನಿಷ್ಠೆ ಬೇಕು ಎನ್ನುವವರು ಇಲ್ಲಿ ಸುಮ್ಮನಾಗುತ್ತಾರೆ. ಈ ಪಾತ್ರಗಳನ್ನು ಇದ್ದ ಹಾಗೆಯೇ ತಂದರೆ ಪರದೆಯ ಮೇಲೆ ಅಸಹ್ಯವಾಗಬಹುದು, ತೆಗೆದುಹಾಕಿದರೆ ಆ ಲೋಕ ಬಿಳಿಯರದ್ದಷ್ಟೇ ಆಗಿ ಬಡವಾಗುತ್ತದೆ. ಮಾಲಿಯ ಮೈಬಣ್ಣಕ್ಕೆ ಖರ್ಚಾದ ಶಕ್ತಿಯಲ್ಲಿ ಕಾಲುಭಾಗ ಮೇಲ್ಕಮ್‌ಗೆ ಸಂದಿದ್ದರೂ ಚರ್ಚೆಗೆ ಬೆಲೆ ಬರುತ್ತಿತ್ತು.

ಗಡಿಯಾಚೆ ಒಂದು ಕಿವಿ, ಈಚೆ ಒಂದು

ಇನ್ನು ಕನ್ನಡದ ಪ್ರಶ್ನೆ. ಡಬ್ ಆದ ಸರಣಿಯನ್ನು ನೋಡುವವರಿಗೆ ನಟನ ಅರ್ಧಭಾಗ ಮಾತ್ರ ತಲುಪುತ್ತದೆ, ಉಳಿದರ್ಧ ಕಂಠದಾನ ಕಲಾವಿದರದ್ದು. ಈ ಎರಡನೇ ಪಾತ್ರ ಹಂಚಿಕೆಗೆ ಪತ್ರಿಕಾ ಪ್ರಕಟಣೆಯಿಲ್ಲ, ಅಭಿಮಾನಿಗಳ ಜಗಳವೂ ಇಲ್ಲ.

ಕರ್ನಾಟಕದಲ್ಲಿ ಡಬ್ಬಿಂಗ್‌ಗೆ 1960ರ ದಶಕದಿಂದ ವಿರೋಧವಿತ್ತು. ಸ್ಥಳೀಯ ಕಲಾವಿದರ ಅನ್ನ, ಕನ್ನಡ ಚಿತ್ರರಂಗದ ಉಳಿವು ಎಂಬುದು ಒಂದು ಕಡೆಯ ವಾದ. ಜಗತ್ತಿನ ಒಳ್ಳೆಯದೆಲ್ಲ ಕನ್ನಡದಲ್ಲಿ ಸಿಗದಿದ್ದರೆ ಜನ ಕನ್ನಡವನ್ನೇ ಬಿಟ್ಟು ಬೇರೆ ಭಾಷೆಯಲ್ಲಿ ನೋಡುತ್ತಾರೆ ಎಂಬುದು ಇನ್ನೊಂದು ಕಡೆಯದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಅಘೋಷಿತ ತಡೆಯನ್ನು ಕಾನೂನುಬಾಹಿರವೆಂದು ತೀರ್ಮಾನಿಸಿತು. ಆಮೇಲೆ ನಿಧಾನವಾಗಿ ಬಾಗಿಲು ತೆರೆಯಿತು. 2022ರಲ್ಲಿ 'ಅವತಾರ್' ಎರಡನೇ ಭಾಗ ಕನ್ನಡದಲ್ಲೂ ತೆರೆಕಂಡಿತು.

ಕಾಸರಗೋಡು ಈ ತಡೆಯ ಹೊರಗಿತ್ತು, ಆದರೆ ಕನ್ನಡದಲ್ಲಲ್ಲ. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೇ' ಮಲಯಾಳಂನಲ್ಲಿ ಪ್ರಸಾರವಾಯಿತು, ಕನ್ನಡದಲ್ಲಿ ಆಗಲಿಲ್ಲ. ಅಲ್ಲು ಅರ್ಜುನ್‌ಗೆ ಕೇರಳದಲ್ಲಿ ಅಭಿಮಾನಿ ಬಳಗ ಬೆಳೆದದ್ದೂ ಮಲಯಾಳಂ ಡಬ್ಬಿಂಗ್ ಮೂಲಕ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಬಸ್ಸಿನಲ್ಲಿ ಮಲಯಾಳಂ ಎಂದು ಬದುಕುವ ಬದಿಯಡ್ಕ, ಮಂಜೇಶ್ವರ, ಪೆರ್ಲದ ವೀಕ್ಷಕರಿಗೆ ಇದರಿಂದ ಒಂದು ಅಭ್ಯಾಸವಾಗಿದೆ: ಹೊರಗಿನ ಕಥೆಯನ್ನು ಮಲಯಾಳಂನಲ್ಲಿ ಅಥವಾ ಇಂಗ್ಲಿಷಿನಲ್ಲಿ ಕೇಳುವುದು. ಕನ್ನಡದ ಧ್ವನಿ ಇದ್ದರೂ ಅತ್ತ ಕೈ ಹೋಗದಿರುವುದಕ್ಕೆ ಈ ಅಭ್ಯಾಸ ಒಂದು ಕಾರಣ. ಇನ್ನೊಂದು ಕಾರಣ ಆ ಕನ್ನಡದ್ದೇ. ಎಲ್ಲರೂ ಬೆಂಗಳೂರಿನ ಒಂದೇ ಸ್ಟುಡಿಯೋದ ಒಂದೇ ಧಾಟಿಯಲ್ಲಿ, ಪಠ್ಯಪುಸ್ತಕ ಓದಿದಂತೆ ಮಾತಾಡಿದರೆ ಗಡಿನಾಡಿನ ಕಿವಿಗೆ ಅದು ತನ್ನದೆನಿಸುವುದಿಲ್ಲ. ಕೇಳುವವರು ಕಡಿಮೆಯಾದರೆ ಮುಂದಿನ ಬಾರಿ ಕಂಪನಿ ಕನ್ನಡಕ್ಕೆ ಹಣ ಹಾಕುವುದಿಲ್ಲ. ಹಣ ಹಾಕದಿದ್ದರೆ ಗುಣಮಟ್ಟ ಇನ್ನೂ ಇಳಿಯುತ್ತದೆ.

ಈ ಸರಣಿಗೆ ಕನ್ನಡ ಧ್ವನಿ ಬಂದರೆ ಅಪಾಯ ಹೆಚ್ಚು, ಕಾರಣ ಮೇಲೆ ಹೇಳಿದ ಪಾತ್ರಗಳು. ಮಾಲಿಯ ಕಣ್ಣು ಕಾಣುವುದಿಲ್ಲ, ಹಾಗಾಗಿ ನೋಟವೆಲ್ಲ ತುಟಿಯ ಮೇಲೆ. ತುಟಿಗೆ ಮಾತು ಹೊಂದದಿದ್ದರೆ ತಕ್ಷಣ ಎದ್ದು ಕಾಣುತ್ತದೆ. ವಿಂಟರ್‌ಮ್ಯೂಟ್‌ನ ಪ್ರತಿ ಮುಖಕ್ಕೂ ಸಂಬಂಧವಿಲ್ಲದ ಬೇರೆ ಬೇರೆ ಧ್ವನಿ ಕೊಟ್ಟುಬಿಟ್ಟರೆ, ಅವೆಲ್ಲ ಒಂದೇ ಬುದ್ಧಿಯ ವೇಷಗಳು ಎಂಬ ಸುಳಿವೇ ಕಳೆದುಹೋಗುತ್ತದೆ. ಡಿಕ್ಸಿಗೆ ಧ್ವನಿ ಬಿಟ್ಟರೆ ಬೇರೇನೂ ಇಲ್ಲ. ಅವನನ್ನು ಸೋಲಿಸುವುದು ಅಥವಾ ಗೆಲ್ಲಿಸುವುದು ಒಬ್ಬ ಕಂಠದಾನ ಕಲಾವಿದ.

ಆ ಕಲಾವಿದನ ಜಾಗಕ್ಕೆ ಯಂತ್ರವನ್ನು ಕೂರಿಸುವ ಆಸೆ ಕಂಪನಿಗಳಿಗೆ ಈಗಾಗಲೇ ಹುಟ್ಟಿದೆ. 2023ರ ನವೆಂಬರ್‌ನಲ್ಲಿ ಅಮೆರಿಕದ ನಟರು ಮುಷ್ಕರ ಮುಗಿಸಿದಾಗ ಆದ ಒಪ್ಪಂದದಲ್ಲಿ, ನಟರ ಡಿಜಿಟಲ್ ಪ್ರತಿರೂಪ ಬಳಸಲು ಒಪ್ಪಿಗೆ ಮತ್ತು ಸಂಭಾವನೆ ಬೇಕೆಂಬ ಷರತ್ತು ಸೇರಿತು. ಆ ರಕ್ಷಣೆ ಆ ಸಂಘದ ಸದಸ್ಯರಿಗೆ. ಬೆಂಗಳೂರಿನ ಸ್ಟುಡಿಯೋದಲ್ಲಿ ದಿನಗೂಲಿಯ ಲೆಕ್ಕದಲ್ಲಿ ಧ್ವನಿ ಕೊಡುವವರಿಗೆ ಅದು ಅನ್ವಯಿಸುವುದಿಲ್ಲ. ಸತ್ತವನ ಮಾತನ್ನು ಪೆಟ್ಟಿಗೆಯಲ್ಲಿಟ್ಟು ದುಡಿಸಿಕೊಳ್ಳುವ ಕಥೆಗೆ ಹೀಗೆ ಯಂತ್ರದ ಕಂಠ ಕೊಟ್ಟರೆ ಗಿಬ್ಸನ್ ಅವರಿಗೇ ನಗು ಬರಬಹುದು.

ಹೀಗಾಗಿ ಸರಣಿ ಬಂದಾಗ ಮೊದಲ ಕಂತಿನಲ್ಲೇ ನೋಡಬೇಕಾದ ಕೆಲವು ಸಂಗತಿಗಳಿವೆ. ಕೇಸ್‌ನ ವಯಸ್ಸನ್ನು ಬಾಯಿಬಿಟ್ಟು ಹೇಳುತ್ತಾರೋ ತಪ್ಪಿಸುತ್ತಾರೋ, ಮಾಲಿಯ ಮಸೂರ ಕಳಚುತ್ತದೋ ಇಲ್ಲವೋ, ಫಿನ್‌ಗೆ ಎಷ್ಟು ಹೊತ್ತು ಕೊಟ್ಟಿದ್ದಾರೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದ್ದರೆ, ಕೊನೆಯಲ್ಲಿ ಓಡುವ ಹೆಸರುಗಳನ್ನು 'ಸ್ಕಿಪ್' ಮಾಡದೆ ಕಂಠದಾನ ಮಾಡಿದವರ ಹೆಸರು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಕಂಪನಿಗೆ ದೂರು ಕೊಡಿ.